ಜಿಪಿಎಸ್ ಚುಕ್ಕಿಗಳನ್ನು ಸರಿಯಾದ ರಸ್ತೆಗೆ ಕೂರಿಸುವುದು ಹೇಗೆ: ಮ್ಯಾಪ್ ಮ್ಯಾಚಿಂಗ್ ಹಂತ ಹಂತವಾಗಿ

ಮೇನ್ ರೋಡಿನಲ್ಲಿ ಓಡುತ್ತಿರುವ ಗಾಡಿ ಪರದೆಯ ಮೇಲೆ ಸರ್ವಿಸ್ ರೋಡಿನಲ್ಲಿ ಕಾಣುತ್ತದೆ. ಎರಡು ಸೆಕೆಂಡ್ ಬಿಟ್ಟು ಮತ್ತೆ ಮೇನ್ ರೋಡಿಗೆ ಹಾರುತ್ತದೆ. ಫ್ಲೈಓವರ್ ಮೇಲಿರುವ ಬಸ್ಸು ಕೆಳಗಿನ ಸಿಗ್ನಲ್ ಹತ್ತಿರ ನಿಂತಿದೆ ಎಂದು ತೋರಿಸುತ್ತದೆ. ಸಂಜೆ ಲೆಕ್ಕ ಹಾಕಿದರೆ 40 ಕಿ.ಮೀ. ಓಡಿದ ಗಾಡಿಗೆ 50 ಕಿ.ಮೀ. ಬಂದಿರುತ್ತದೆ.

ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಇವೇ. ಎಲ್ಲಕ್ಕೂ ಬೇರು ಒಂದೇ. ಪ್ರತಿ ಚುಕ್ಕಿಯನ್ನೂ ಬೇರೆ ಬೇರೆಯಾಗಿ ಹಿಡಿದು, ಹತ್ತಿರ ಕಂಡ ರಸ್ತೆಗೆ ಅಂಟಿಸಿಬಿಡುತ್ತಾರೆ. ನಕ್ಷೆ ಎಂದರೆ ಬರೀ ಗೆರೆಗಳಲ್ಲ. ಯಾವ ರಸ್ತೆಯಿಂದ ಯಾವ ರಸ್ತೆಗೆ ಹೋಗಬಹುದು, ಎಲ್ಲಿ ಒನ್‌ವೇ, ಎಲ್ಲಿ ತಡೆಗೋಡೆ ಇದೆ, ಎಲ್ಲಿ ಇಳಿಯಲು ರ‍್ಯಾಂಪ್ ಇದೆ, ಇದೆಲ್ಲ ಅದರೊಳಗಿದೆ. ಈ ಜೋಡಣೆಯ ತಿಳಿವಳಿಕೆಯನ್ನು ಬಳಸದೆ ಬರೀ ದೂರವನ್ನು ಬಳಸಿದರೆ ಜಿಪಿಎಸ್ಸಿನ ತಪ್ಪು ನಿಮ್ಮ ಲೆಕ್ಕಕ್ಕೆ ಹಾಗೇ ಇಳಿದು ಬರುತ್ತದೆ.

ಇಲ್ಲಿ ಹೇಳುವುದು ಹಿಡನ್ ಮಾರ್ಕೋವ್ ಮಾಡೆಲ್ ವಿಧಾನ, ಅಂದರೆ ಕಣ್ಣಿಗೆ ಕಾಣದ ನಿಜವಾದ ದಾರಿಯನ್ನು ಕಾಣುವ ಚುಕ್ಕಿಗಳ ಸಾಲಿನಿಂದ ಲೆಕ್ಕ ಹಾಕಿ ಹುಡುಕುವುದು. 2009ರಲ್ಲಿ ಮೈಕ್ರೋಸಾಫ್ಟ್‌ನ ಪಾಲ್ ನ್ಯೂಸನ್ ಮತ್ತು ಜಾನ್ ಕ್ರಮ್ ಇದಕ್ಕೆ ಕೊಟ್ಟ ರೂಪವನ್ನೇ ಇವತ್ತಿನ ಹೆಚ್ಚಿನ ಉಚಿತ ಸಾಫ್ಟ್‌ವೇರ್‌ಗಳು ಅನುಸರಿಸುತ್ತವೆ. ಹಂತಗಳ ಕ್ರಮ ಬದಲಿಸಬೇಡಿ. ತುಂಬಾ ಜನ ನೇರವಾಗಿ ಐದನೇ ಹಂತಕ್ಕೆ ಹಾರಿ, ಅಲ್ಲಿಯ ಅಂಕಿಗಳನ್ನು ತಿರುಚುತ್ತಾ ವಾರಗಟ್ಟಲೆ ಕೂರುತ್ತಾರೆ. ತೊಂದರೆ ಇರುವುದು ಮೊದಲ ಎರಡು ಹಂತಗಳಲ್ಲಿ.

## ಏನೇನು ಬೇಕು

ಓಪನ್‌ಸ್ಟ್ರೀಟ್‌ಮ್ಯಾಪ್ ದತ್ತಾಂಶ ಬೇಕು, ಇದು ಜನರೇ ಸೇರಿ ಮಾಡಿದ ಉಚಿತ ನಕ್ಷೆ. ಜಿಯೋಫ್ಯಾಬ್ರಿಕ್ ತಾಣದಲ್ಲಿ ಭಾರತದ ದಕ್ಷಿಣ ವಲಯದ ಫೈಲ್ ಸಿಗುತ್ತದೆ, ಕರ್ನಾಟಕ ಅದರೊಳಗೆ ಬರುತ್ತದೆ. ಚುಕ್ಕಿಗಳನ್ನು ರಸ್ತೆಗೆ ಕೂರಿಸುವ ಸಾಫ್ಟ್‌ವೇರ್, ಅಂದರೆ ಮ್ಯಾಚಿಂಗ್ ಎಂಜಿನ್, ಒಂದು ಬೇಕು: ಓಎಸ್‌ಆರ್‌ಎಂ, ವಾಲ್ಹಾಲಾ, ಗ್ರಾಫ್‌ಹಾಪರ್ ಮೂರೂ ಉಚಿತ. ಮೊದಲ ಸಲ ಮಾಡುವವರಿಗೆ ನಾನು ವಾಲ್ಹಾಲಾ ಹೇಳುತ್ತೇನೆ. ಪ್ರತಿ ಚುಕ್ಕಿ ಯಾವ ರಸ್ತೆ ತುಂಡಿಗೆ ಕೂತಿತು, ಎಷ್ಟು ದೂರ ಸರಿಯಿತು ಎನ್ನುವ ವಿವರ ಅದರಲ್ಲಿ ಸುಲಭವಾಗಿ ಸಿಗುತ್ತದೆ. ಕಣ್ಣಿನಿಂದ ನೋಡಲು ಕ್ಯೂಜಿಐಎಸ್ ಎಂಬ ನಕ್ಷೆಯ ಸಾಫ್ಟ್‌ವೇರ್ ಹಾಕಿಕೊಳ್ಳಿ. ಇದನ್ನು ಬಿಡಬೇಡಿ. ಟೇಬಲ್ ನೋಡಿ ಮ್ಯಾಪ್ ಮ್ಯಾಚಿಂಗ್ ಸರಿಮಾಡಿದವರನ್ನು ನಾನು ಕಂಡಿಲ್ಲ.

ಇನ್ನೊಂದು ಬೇಕು, ಅದನ್ನು ಯಾರೂ ತರುವುದಿಲ್ಲ: ನೀವೇ ಕೂತು ಹೋಗಿಬಂದ ನಾಲ್ಕೈದು ಪ್ರಯಾಣಗಳು. ಯಾವ ರಸ್ತೆಯಲ್ಲಿ ಹೋದಿರಿ, ಎಲ್ಲಿ ಫ್ಲೈಓವರ್ ಹತ್ತಿದಿರಿ, ಎಲ್ಲಿ ಸರ್ವಿಸ್ ರೋಡಿಗೆ ಇಳಿದಿರಿ ಎಂದು ಬರೆದಿಟ್ಟಿರಬೇಕು. ಇದಿಲ್ಲದೆ ಸರಿಯಾಯಿತೋ ಇಲ್ಲವೋ ಎಂದು ಗೊತ್ತಾಗುವುದೇ ಇಲ್ಲ.

## ಹಂತ 1: ಕಚ್ಚಾ ಚುಕ್ಕಿಗಳನ್ನು ಮೊದಲು ನೋಡಿ, ಆಮೇಲೆ ತೊಳೆಯಿರಿ

ಚುಕ್ಕಿಗಳನ್ನು ನಕ್ಷೆಯ ಮೇಲೆ ಹಾಕಿ, ಬರೀ ಕಣ್ಣಿನಿಂದ ಹತ್ತು ನಿಮಿಷ ನೋಡಿ. ಚುಕ್ಕಿಗಳು ಸಮುದ್ರದಲ್ಲಿ ಬಿದ್ದಿದ್ದರೆ ಅಥವಾ ಒಂದೂ ಕಾಣದಿದ್ದರೆ ಅಕ್ಷಾಂಶ ರೇಖಾಂಶ ಅದಲುಬದಲಾಗಿವೆ. ಓಎಸ್‌ಆರ್‌ಎಂ ರೇಖಾಂಶವನ್ನು ಮೊದಲು ಕೇಳುತ್ತದೆ, ನಮ್ಮ ಟ್ರ್ಯಾಕರ್ ಫೈಲುಗಳಲ್ಲಿ ಅಕ್ಷಾಂಶ ಮೊದಲು ಇರುತ್ತದೆ. ಬೆಂಗಳೂರಿಗೆ 77.59 ಮೊದಲು, 12.97 ಆಮೇಲೆ.

ಸಮಯ ನೋಡಿ. ಒಂದೇ ಫೈಲಿನಲ್ಲಿ ಅರ್ಧ ಸಾಲು ಯುಟಿಸಿ (ಜಾಗತಿಕ ಸಮಯ), ಅರ್ಧ ಸಾಲು ಭಾರತೀಯ ಸಮಯ ಇದ್ದರೆ ಐದೂವರೆ ಗಂಟೆಯ ಜಿಗಿತ ಬರುತ್ತದೆ. ಇನ್ನೊಂದು ಸಾಮಾನ್ಯ ಕಾಯಿಲೆ ಇದೆ: ನೆಟ್‌ವರ್ಕ್ ಇಲ್ಲದ ಕಡೆ ಟ್ರ್ಯಾಕರ್ ಚುಕ್ಕಿಗಳನ್ನು ಕೂಡಿಟ್ಟುಕೊಂಡು ಆಮೇಲೆ ಒಟ್ಟಿಗೆ ಕಳಿಸುತ್ತದೆ, ಸರ್ವರ್ ಅವುಗಳಿಗೆ ತಲುಪಿದ ಸಮಯ ಹಾಕುತ್ತದೆ, ನೀವು ಆ ಸಮಯದ ಪ್ರಕಾರ ಜೋಡಿಸಿದರೆ ಗಾಡಿ ಹಿಂದಕ್ಕೂ ಮುಂದಕ್ಕೂ ಕುಣಿಯುತ್ತದೆ. ಯಾವಾಗಲೂ ಜಿಪಿಎಸ್ ಕೊಟ್ಟ ಸಮಯವನ್ನೇ ಬಳಸಿ.

ನಂತರ ನಿಂತ ಗಾಡಿಯ ಚುಕ್ಕಿಗಳು. ಗಾಡಿ ನಿಂತಿದ್ದರೂ ಚುಕ್ಕಿ ಸುಮ್ನೆ ಕೂರುವುದಿಲ್ಲ, ಸುತ್ತಮುತ್ತ ಹರಿದಾಡುತ್ತದೆ. 40ರ ಬದಲು 50 ಕಿ.ಮೀ. ಬರುವುದಕ್ಕೆ ಮುಖ್ಯ ಕಾರಣ ಇದೇ. ಹಿಂದಿನ ಚುಕ್ಕಿಯಿಂದ ಒಂದು ಕನಿಷ್ಠ ದೂರ ದಾಟದ ಚುಕ್ಕಿಯನ್ನು ಬಿಟ್ಟುಬಿಡಿ. ಎಷ್ಟು ದೂರ? ಸಿಗ್ಮಾದ ಎರಡರಷ್ಟು. ಸಿಗ್ಮಾ ಎಂದರೇನು ಎಂಬುದು ನಾಲ್ಕನೇ ಹಂತದಲ್ಲಿದೆ, ಸದ್ಯಕ್ಕೆ 10 ಮೀಟರ್ ಇಟ್ಟುಕೊಳ್ಳಿ.

ಸೆಕೆಂಡಿಗೊಂದು ಚುಕ್ಕಿ ಇರುವವರು ಇದನ್ನು ಖಂಡಿತ ಮಾಡಬೇಕು. ಟ್ರಾಫಿಕ್ಕಿನಲ್ಲಿ ತೆವಳುವ ಗಾಡಿ ಜಿಪಿಎಸ್ ತಪ್ಪಿನಿಂದ ಎರಡು ಮೀಟರ್ ಹಿಂದೆ ಹೋದಂತೆ ಕಂಡರೆ, ಒನ್‌ವೇ ರಸ್ತೆಯಲ್ಲಿ ಹಿಂದೆ ಹೋಗಲು ದಾರಿ ಇಲ್ಲ. ಎಂಜಿನ್ ಇಡೀ ಬ್ಲಾಕ್ ಸುತ್ತಿಸಿಕೊಂಡು ಬರುತ್ತದೆ, ಇಲ್ಲವೇ ಜೋಡಣೆಯನ್ನೇ ಕಡಿದುಹಾಕುತ್ತದೆ. ಜಾಸ್ತಿ ಚುಕ್ಕಿ ಇದ್ದಷ್ಟೂ ಒಳ್ಳೆಯದು ಎಂದುಕೊಳ್ಳುತ್ತೇವೆ ಅಲ್ವಾ, ಇಲ್ಲಿ ಹಾಗಲ್ಲ.

ಎಚ್ಚರಿಕೆಯ ಗುರುತು: ಎರಡು ಚುಕ್ಕಿಗಳ ನಡುವಿನ ವೇಗ ಗಂಟೆಗೆ 180 ಕಿ.ಮೀ. ದಾಟಿದರೆ ಅವುಗಳಲ್ಲಿ ಒಂದು ಸುಳ್ಳು. ಆದರೆ ಎರಡರಲ್ಲಿ ಯಾವುದು ಸುಳ್ಳು ಎಂದು ನೋಡಿ ತೆಗೆಯಿರಿ, ಯಾವಾಗಲೂ ಎರಡನೆಯದನ್ನೇ ತೆಗೆಯಬೇಡಿ.

## ಹಂತ 2: ನಕ್ಷೆಯನ್ನು ಪರೀಕ್ಷಿಸಿ

ನಿಮ್ಮ ಗಾಡಿಗಳು ಓಡುವ ಪ್ರದೇಶದ ನಕ್ಷೆಯಲ್ಲಿ ನಾಲ್ಕು ವಿಷಯ ನೋಡಬೇಕು. ಡಿವೈಡರ್ ಇರುವ ರಸ್ತೆ ಎರಡು ಬೇರೆ ಗೆರೆಗಳಾಗಿ, ಎರಡಕ್ಕೂ ಸರಿಯಾದ ಒನ್‌ವೇ ದಿಕ್ಕಿನೊಂದಿಗೆ ಇದೆಯೇ? ಫ್ಲೈಓವರ್‌ಗೆ ಸೇತುವೆ ಮತ್ತು ಲೇಯರ್ (ಯಾವುದು ಮೇಲೆ, ಯಾವುದು ಕೆಳಗೆ) ಗುರುತು ಇದೆಯೇ? ತಿರುವು ನಿಷೇಧಗಳು ದಾಖಲಾಗಿವೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಗೆರೆಗಳು ನಿಜವಾಗಿ ಕೂಡಿವೆಯೇ?

ಕೊನೆಯದು ಕಣ್ಣಿಗೆ ಮೋಸ ಮಾಡುತ್ತದೆ. ಎರಡು ರಸ್ತೆಗಳು ಪರದೆಯ ಮೇಲೆ ಮುಟ್ಟಿದಂತೆ ಕಂಡರೂ ಎರಡಕ್ಕೂ ಸೇರಿದ ಒಂದು ನೋಡ್ (ಗೆರೆಗಳು ಕೂಡುವ ಬಿಂದು) ಇಲ್ಲದಿದ್ದರೆ ಎಂಜಿನ್ ಲೆಕ್ಕದಲ್ಲಿ ಅಲ್ಲಿ ದಾರಿ ಇಲ್ಲ. ಇದಕ್ಕೆ ಉಲ್ಟಾ ಕೂಡ ಆಗುತ್ತದೆ: ಫ್ಲೈಓವರ್ ಮತ್ತು ಕೆಳಗಿನ ರಸ್ತೆ ಅಡ್ಡ ಹಾಯುವ ಕಡೆ ಯಾರೋ ತಪ್ಪಾಗಿ ನೋಡ್ ಕೂಡಿಸಿರುತ್ತಾರೆ, ಆಗ ಗಾಡಿ ಸೇತುವೆಯ ಮೇಲಿಂದ ಕೆಳಗಿನ ರಸ್ತೆಗೆ ನೇರವಾಗಿ ತಿರುಗುತ್ತದೆ.

ಪತ್ತೆ ಮಾಡುವ ಸುಲಭ ದಾರಿ ಇದೆ. ನಿಮಗೆ ಚೆನ್ನಾಗಿ ಗೊತ್ತಿರುವ ಇಪ್ಪತ್ತು ಜೋಡಿ ಸ್ಥಳಗಳ ನಡುವೆ ಎಂಜಿನ್‌ನಿಂದ ದಾರಿ ಕೇಳಿ. ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಗೆ, ಹೆಬ್ಬಾಳದ ಒಂದು ಲೂಪಿನಿಂದ ಇನ್ನೊಂದಕ್ಕೆ, ಹೀಗೆ. ವಿಚಿತ್ರ ಸುತ್ತು ಬಂದ ಕಡೆ ನಕ್ಷೆಯಲ್ಲಿ ತಪ್ಪಿದೆ.

ನಕ್ಷೆಯನ್ನು ಕತ್ತರಿಸುವಾಗ ಕೆಲಸದ ಪ್ರದೇಶದ ಅಂಚಿಗೇ ಕತ್ತರಿಸಬೇಡಿ, ಸುತ್ತ ಕೆಲವು ಕಿ.ಮೀ. ಬಿಡಿ. ಅಂಚಿನಲ್ಲಿ ರಸ್ತೆ ಕಡಿದುಹೋದರೆ ಅಲ್ಲಿನ ಮ್ಯಾಚಿಂಗ್ ಕೂಡ ಕಡಿದುಹೋಗುತ್ತದೆ.

ನೀವೇ ಕೋಡ್ ಬರೆಯುವವರಾದರೆ ಇನ್ನೊಂದು ಮಾತು. ಡಿಗ್ರಿಯಲ್ಲಿ ದೂರ ಅಳೆಯಬೇಡಿ. ಬೆಂಗಳೂರಿನಲ್ಲಿ ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿ.ಮೀ., ಒಂದು ಡಿಗ್ರಿ ರೇಖಾಂಶ ಸುಮಾರು 108 ಕಿ.ಮೀ. ಮೀಟರಿಗೆ ಬದಲಿಸಲು ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ ವಲಯ 43 ಸಾಕು. ಆದರೆ 78 ಡಿಗ್ರಿ ರೇಖಾಂಶ ದಾಟಿದ ಕೂಡಲೇ ವಲಯ 44 ಶುರುವಾಗುತ್ತದೆ, ಕೋಲಾರ ಮತ್ತು ಮುಳಬಾಗಿಲು ಅದರಲ್ಲಿವೆ. ಬೆಂಗಳೂರಿನಿಂದ ಮುಳಬಾಗಿಲಿಗೆ ಹೋಗುವ ಲಾರಿ ಅರ್ಧ ದಾರಿಯಲ್ಲಿ ವಲಯ ಬದಲಿಸುತ್ತದೆ. ಒಂದು ಪ್ರಯಾಣಕ್ಕೆ ಒಂದೇ ವಲಯ ಇಟ್ಟುಕೊಳ್ಳಿ.

## ಹಂತ 3: ಪ್ರತಿ ಚುಕ್ಕಿಗೂ ಹಲವು ರಸ್ತೆಗಳನ್ನು ಹಿಡಿದಿಟ್ಟುಕೊಳ್ಳಿ

ಇಲ್ಲಿ ಯಾವ ತೀರ್ಮಾನವನ್ನೂ ಮಾಡಬಾರದು. ಚುಕ್ಕಿಯ ಸುತ್ತ ಒಂದು ವೃತ್ತ ಹಾಕಿ, ಒಳಗೆ ಬರುವ ಎಲ್ಲ ರಸ್ತೆಗಳ ಮೇಲೂ ಚುಕ್ಕಿಗೆ ಹತ್ತಿರದ ಜಾಗವನ್ನು ಗುರುತು ಮಾಡಿ. ಇವೇ ಕ್ಯಾಂಡಿಡೇಟ್‌ಗಳು.

ವೃತ್ತ ಚಿಕ್ಕದಾದರೆ ನಿಜವಾದ ರಸ್ತೆಯೇ ಹೊರಗೆ ಉಳಿಯುತ್ತದೆ, ಆಮೇಲೆ ಯಾವ ಗಣಿತವೂ ಅದನ್ನು ವಾಪಸ್ ತರುವುದಿಲ್ಲ. ದೊಡ್ಡದಾದರೆ ಚಿಕ್ಕಪೇಟೆಯಂಥ ಕಡೆ ಪ್ರತಿ ಚುಕ್ಕಿಗೂ ಹತ್ತಾರು ಗಲ್ಲಿಗಳು ಬಂದು ಲೆಕ್ಕ ನಿಧಾನವಾಗುತ್ತದೆ. 50 ಮೀಟರಿನಿಂದ ಶುರುಮಾಡಿ. ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ಗೋಡೆಗೆ ಬಡಿದು ಬರುವುದರಿಂದ ಅಲ್ಲಿ ಇನ್ನೂ ಹೆಚ್ಚಿಸಬೇಕಾಗಬಹುದು.

## ಹಂತ 4: ಸಿಗ್ಮಾವನ್ನು ಅಳೆಯಿರಿ, ಊಹಿಸಬೇಡಿ

ನಿಮ್ಮ ಜಿಪಿಎಸ್ ಸಾಮಾನ್ಯವಾಗಿ ಎಷ್ಟು ಮೀಟರ್ ತಪ್ಪುತ್ತದೆ ಎನ್ನುವ ಅಳತೆಯೇ ಸಿಗ್ಮಾ. ಅಳೆಯುವುದು ಹೀಗೆ: ಅಕ್ಕಪಕ್ಕ ಬೇರೆ ರಸ್ತೆ ಇಲ್ಲದ ಒಂದು ರಸ್ತೆಯಲ್ಲಿ ಹೋಗಿಬಂದ ಚುಕ್ಕಿಗಳನ್ನು ತೆಗೆದುಕೊಳ್ಳಿ. ಪ್ರತಿ ಚುಕ್ಕಿಯಿಂದ ರಸ್ತೆಯ ಗೆರೆಗೆ ಇರುವ ದೂರಗಳನ್ನು ಪಟ್ಟಿ ಮಾಡಿ. ನಡುವಿನ ಬೆಲೆ, ಅಂದರೆ ಮೀಡಿಯನ್, ಹುಡುಕಿ 1.4826ರಿಂದ ಗುಣಿಸಿ. ಸರಾಸರಿ ಬೇಡ, ಒಂದೆರಡು ಹುಚ್ಚು ಚುಕ್ಕಿಗಳು ಸರಾಸರಿಯನ್ನು ಕೆಡಿಸುತ್ತವೆ.

ನ್ಯೂಸನ್ ಮತ್ತು ಕ್ರಮ್ ಅವರಿಗೆ 4.07 ಮೀಟರ್ ಬಂದಿತ್ತು. ವಾಲ್ಹಾಲಾದಲ್ಲಿ ಮೊದಲಿಂದ ಇರುವ ಅಂಕಿಯೂ ಇದೇ. ಅದು ಅವರ ಜಿಪಿಎಸ್ ಅಂಕಿ, ನಿಮ್ಮದಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಮುಚ್ಚಿಟ್ಟ ಅಗ್ಗದ ಟ್ರ್ಯಾಕರ್‌ಗೆ ಇದು ಹೊಂದುವುದಿಲ್ಲ. ರಸ್ತೆಯ ಅಗಲವನ್ನೂ ಮರೆಯಬೇಡಿ. ನಕ್ಷೆಯ ಗೆರೆ ರಸ್ತೆಯ ನಡುವೆ ಇರುತ್ತದೆ. ಮೂರು ಲೇನಿನ ರಸ್ತೆಯಲ್ಲಿ ಎಡಗಡೆ ಲೇನಿನ ಗಾಡಿ ಹೇಗಿದ್ದರೂ ಗೆರೆಯಿಂದ ಮೂರೂವರೆ ಮೀಟರ್ ದೂರ ಇರುತ್ತದೆ, ಜಿಪಿಎಸ್ ಪೂರ್ತಿ ಸರಿಯಿದ್ದರೂ. ಅದೂ ನಾವು ಎಡಗಡೆ ಓಡಿಸುವವರು, ಸರ್ವಿಸ್ ರೋಡು ಇರುವುದೂ ಎಡಗಡೆಯೇ. ಮೇನ್ ರೋಡಿನ ಎಡ ಲೇನಿನ ಗಾಡಿಗಳು ಸರ್ವಿಸ್ ರೋಡಿಗೆ ಅಂಟಿಕೊಳ್ಳುವುದು ಇದಕ್ಕೇ.

ಸಾಮಾನ್ಯ ತಪ್ಪು: ಸಿಗ್ಮಾವನ್ನು 1 ಅಥವಾ 2ಕ್ಕೆ ಇಳಿಸಿದರೆ ನಿಖರತೆ ಹೆಚ್ಚುತ್ತದೆ ಎನ್ನುವ ನಂಬಿಕೆ. ಆಗುವುದು ತದ್ವಿರುದ್ಧ. ಜಿಪಿಎಸ್ ಹೇಳಿದ್ದೆಲ್ಲ ನಿಜ ಎಂದು ಎಂಜಿನ್‌ಗೆ ಹೇಳಿದ ಹಾಗಾಗುತ್ತದೆ, ಅದು ಹತ್ತಿರದ ರಸ್ತೆಗೆ ಅಂಟಿಸುವ ಹಳೆಯ ಚಾಳಿಗೆ ಮರಳುತ್ತದೆ.

## ಹಂತ 5: ದಾರಿಯ ಲೆಕ್ಕ ಸೇರಿಸಿ

ಇಡೀ ಕೆಲಸದ ಜೀವ ಇಲ್ಲಿದೆ. ಒಂದು ಚುಕ್ಕಿಯ ಕ್ಯಾಂಡಿಡೇಟ್‌ನಿಂದ ಮುಂದಿನ ಚುಕ್ಕಿಯ ಕ್ಯಾಂಡಿಡೇಟ್‌ಗೆ ರಸ್ತೆಯ ಮೇಲೆ ಹೋದರೆ ಎಷ್ಟು ದೂರ? ಆ ಎರಡು ಚುಕ್ಕಿಗಳ ನಡುವೆ ನೇರವಾಗಿ ಎಷ್ಟು ದೂರ? ಎರಡೂ ಹೆಚ್ಚು ಕಡಿಮೆ ಒಂದೇ ಆಗಿದ್ದರೆ ಆ ಜೋಡಿ ನಂಬಬಹುದಾದದ್ದು. ತುಂಬಾ ವ್ಯತ್ಯಾಸ ಇದ್ದರೆ ಸಂಶಯ. ಎಷ್ಟು ವ್ಯತ್ಯಾಸವನ್ನು ಸಹಿಸಬೇಕು ಎನ್ನುವುದನ್ನು ಬೀಟಾ ಹೇಳುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಸಿಗ್ಮಾ 5, ಬೀಟಾ 20 ಇರಲಿ. ಚುಕ್ಕಿ ಸರ್ವಿಸ್ ರೋಡಿನಿಂದ 4 ಮೀಟರ್, ಮೇನ್ ರೋಡಿನಿಂದ 9 ಮೀಟರ್ ದೂರ ಇದೆ. ಪ್ರತಿ ರಸ್ತೆಗೂ ದಂಡ ಹಾಕುತ್ತೇವೆ, ದಂಡ ಕಡಿಮೆ ಇದ್ದ ರಸ್ತೆ ಗೆಲ್ಲುತ್ತದೆ. ದೂರಕ್ಕೆ ದಂಡ ಹಾಕುವ ಸೂತ್ರ: ದೂರವನ್ನು ಸಿಗ್ಮಾದಿಂದ ಭಾಗಿಸಿ, ವರ್ಗ ಮಾಡಿ, ಅರ್ಧ ಮಾಡಿ. ಸರ್ವಿಸ್ ರೋಡಿಗೆ 0.32, ಮೇನ್ ರೋಡಿಗೆ 1.62. ಬರೀ ದೂರ ನೋಡಿದರೆ ಸರ್ವಿಸ್ ರೋಡೇ ಗೆಲ್ಲುತ್ತದೆ.

ಈಗ ದಾರಿ ನೋಡಿ. ಹಿಂದಿನ ಚುಕ್ಕಿಗಳು ಮೇನ್ ರೋಡಿನಲ್ಲಿವೆ. ಎರಡು ಚುಕ್ಕಿಗಳ ನಡುವೆ ನೇರ ದೂರ 60 ಮೀಟರ್. ಮೇನ್ ರೋಡಿನಲ್ಲೇ ಮುಂದುವರಿದರೆ ರಸ್ತೆಯ ದೂರವೂ 60, ದಂಡ ಸೊನ್ನೆ. ಸರ್ವಿಸ್ ರೋಡಿಗೆ ಹೋಗಬೇಕಾದರೆ ನಡುವೆ ತಡೆಗೋಡೆ ಇದೆ, ಮುಂದಿನ ತೆರಪಿನವರೆಗೆ ಹೋಗಿ ಸುತ್ತಿ ಬಂದರೆ 600 ಮೀಟರ್. ವ್ಯತ್ಯಾಸ 540, ಬೀಟಾದಿಂದ ಭಾಗಿಸಿದರೆ ದಂಡ 27. ಒಟ್ಟು ಲೆಕ್ಕ: ಮೇನ್ ರೋಡು 1.62, ಸರ್ವಿಸ್ ರೋಡು 27.32. ಯಾವ ಕಡೆ ತೂಕ ಬಿತ್ತು ನೋಡಿ. ನಕ್ಷೆಯಲ್ಲಿ ತಡೆಗೋಡೆಯ ಜಾಗದಲ್ಲಿ ತಪ್ಪಾಗಿ ಒಂದು ತೆರಪು ಇದ್ದಿದ್ದರೆ ಈ 27 ಮಾಯವಾಗುತ್ತಿತ್ತು. ಎರಡನೇ ಹಂತ ಬಿಡಬೇಡಿ ಎಂದಿದ್ದು ಇದಕ್ಕೆ.

ಬೀಟಾವನ್ನೂ ಅಳೆಯಬಹುದು. ನೀವೇ ಬರೆದಿಟ್ಟ ಪ್ರಯಾಣಗಳಲ್ಲಿ ನಿಜವಾದ ರಸ್ತೆ ದೂರ ಮತ್ತು ನೇರ ದೂರಗಳ ವ್ಯತ್ಯಾಸ ತೆಗೆದು, ಮೀಡಿಯನ್ ಹುಡುಕಿ, 1.44ರಿಂದ ಗುಣಿಸಿ. ಚುಕ್ಕಿಗಳ ನಡುವಿನ ಅಂತರ ಬದಲಾದರೆ ಬೀಟಾವೂ ಬದಲಾಗಬೇಕು. ಗಂಟೆಗೆ 40 ಕಿ.ಮೀ. ವೇಗದಲ್ಲಿ 10 ಸೆಕೆಂಡಿಗೆ ಗಾಡಿ 111 ಮೀಟರ್ ಹೋಗುತ್ತದೆ, 60 ಸೆಕೆಂಡಿಗೆ 667 ಮೀಟರ್. ಅಷ್ಟರಲ್ಲಿ ಎರಡು ತಿರುವು ಆಗಿಹೋಗಿರುತ್ತದೆ.

ಘಾಟಿಯಲ್ಲಿ ಇನ್ನೂ ಕಷ್ಟ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ನಿಮಿಷಕ್ಕೊಂದು ಚುಕ್ಕಿ ಇಟ್ಟುಕೊಂಡು ಹೋದರೆ ರಸ್ತೆಯ ದೂರ ನೇರ ದೂರದ ಎಷ್ಟೋ ಪಟ್ಟು ಇರುತ್ತದೆ. ಬೀಟಾ ಚಿಕ್ಕದಿದ್ದರೆ ಸರಿಯಾದ ದಾರಿಯೇ ದಂಡ ತಿನ್ನುತ್ತದೆ. ಊರಿಗೊಂದು, ಘಾಟಿಗೊಂದು ಬೀಟಾ ಇಡುವುದು ತಪ್ಪೇನಲ್ಲ. ಸಾಧ್ಯವಾದರೆ ಟ್ರ್ಯಾಕರ್‌ಗೆ ದಿಕ್ಕು ಬದಲಾದಾಗಲೆಲ್ಲ ಒಂದು ಚುಕ್ಕಿ ಕಳಿಸು ಎಂದು ಹೇಳಿ. ತಿರುವಿನಲ್ಲಿ ಸಿಕ್ಕ ಒಂದು ಚುಕ್ಕಿ ನೇರ ರಸ್ತೆಯ ಹತ್ತು ಚುಕ್ಕಿಗಳಿಗೆ ಸಮ.

## ಹಂತ 6: ಇಡೀ ದಾರಿಯನ್ನು ಒಟ್ಟಿಗೆ ತೀರ್ಮಾನಿಸಿ

ಎಲ್ಲ ಚುಕ್ಕಿಗಳ ದಂಡಗಳನ್ನು ಕೂಡಿಸಿ, ಕಡಿಮೆ ಒಟ್ಟು ಬರುವ ದಾರಿಯನ್ನು ವಿಟರ್ಬಿ ವಿಧಾನ ಹುಡುಕುತ್ತದೆ. ಇದು ಎಂಜಿನ್ ಒಳಗೇ ಇದೆ, ನೀವು ಬರೆಯಬೇಕಿಲ್ಲ.

ನಿಮ್ಮ ಕೆಲಸ ಚುಕ್ಕಿಗಳನ್ನು ಎಷ್ಟೆಷ್ಟು ಕೊಡಬೇಕು ಎನ್ನುವುದು. ಓಎಸ್‌ಆರ್‌ಎಂ ಒಂದು ಸಲಕ್ಕೆ ಮೊದಲಿಂದ 100 ಚುಕ್ಕಿಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ, ನಿಮ್ಮದೇ ಸರ್ವರ್ ಇದ್ದರೆ ಹೆಚ್ಚಿಸಬಹುದು. ತುಂಡು ಮಾಡುವುದಾದರೆ ಹತ್ತಿಪ್ಪತ್ತು ಚುಕ್ಕಿಗಳು ಎರಡೂ ತುಂಡಿನಲ್ಲಿ ಇರಲಿ, ಆ ಅಂಚುಗಳ ಉತ್ತರವನ್ನು ಎಸೆದುಬಿಡಿ. ತುಂಡಿನ ಕೊನೆಯ ಚುಕ್ಕಿಗೆ ಮುಂದೇನಾಯಿತು ಎಂದು ಗೊತ್ತಿರುವುದಿಲ್ಲ, ತಪ್ಪು ಅಲ್ಲೇ ಜಾಸ್ತಿ.

ಓಡುತ್ತಿರುವ ಗಾಡಿಯನ್ನು ಆಗಿಂದಾಗ್ಗೆ ತೋರಿಸಬೇಕಾದವರಿಗೂ ಇದೇ ತೊಂದರೆ. ತೋರಿಸುವ ಜಾಗ ಈಗಿನದೇ ಇರಲಿ, ಆದರೆ ಟೋಲ್, ದೂರ, ನಿಲ್ದಾಣ ದಾಟಿದ ಸಮಯ ಇಂಥ ತೀರ್ಮಾನಗಳನ್ನು ಕೆಲವು ಚುಕ್ಕಿ ತಡಮಾಡಿ ತೆಗೆದುಕೊಳ್ಳಿ. ಇನ್ನೊಂದು: ಮ್ಯಾಚ್ ಆದ ಜಾಗವನ್ನು ಹೊಸ ಅಳತೆ ಎಂಬಂತೆ ಕಾಲ್ಮನ್ ಫಿಲ್ಟರ್‌ಗೆ (ಅಳತೆಗಳನ್ನು ಬೆರೆಸಿ ಗಾಡಿಯ ಜಾಗ ಅಂದಾಜು ಮಾಡುವ ಲೆಕ್ಕಕ್ಕೆ) ಮತ್ತೆ ತುಂಬಬೇಡಿ. ಒಂದು ಸಲ ತಪ್ಪು ರಸ್ತೆಗೆ ಕೂತರೆ ಫಿಲ್ಟರ್ ಅದನ್ನೇ ಗಟ್ಟಿಯಾಗಿ ನಂಬುತ್ತದೆ, ಆಮೇಲೆ ಸರಿಯಾದ ಚುಕ್ಕಿ ಬಂದರೂ ಹೊರಬರುವುದಿಲ್ಲ. ತುಂಬಲೇಬೇಕಾದರೆ ಅನುಮಾನದ ಅಳತೆಯನ್ನು ದೊಡ್ಡದಾಗಿಟ್ಟು ತುಂಬಿ.

## ಹಂತ 7: ಮೇಲಿನ ರಸ್ತೆ, ಕೆಳಗಿನ ರಸ್ತೆ

ಹೊಸೂರು ರಸ್ತೆಯ ಎಲಿವೇಟೆಡ್ ಎಕ್ಸ್‌ಪ್ರೆಸ್‌ವೇ ಕೆಳಗಿನ ರಸ್ತೆಯ ನೇರ ಮೇಲೇ ಹೋಗುತ್ತದೆ. ಅಕ್ಷಾಂಶ ರೇಖಾಂಶದಿಂದ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ. ರಾಗಿಗುಡ್ಡ ಮತ್ತು ಸಿಲ್ಕ್ ಬೋರ್ಡ್ ನಡುವಿನ ಡಬಲ್ ಡೆಕ್ಕರ್ ಫ್ಲೈಓವರ್ ಕೂಡ ಹಾಗೇ. ಜಿಪಿಎಸ್ ಕೊಡುವ ಎತ್ತರವನ್ನು ನಂಬಬೇಡಿ, ಅದರ ತಪ್ಪು ಅಡ್ಡಡ್ಡದ ತಪ್ಪಿಗಿಂತ ಜಾಸ್ತಿ.

ಸಹಾಯಕ್ಕೆ ಬರುವುದು ಬೇರೆ ಸುಳಿವುಗಳು. ಹತ್ತುವ ರ‍್ಯಾಂಪ್ ಇರುವ ಕಡೆ ಗಾಡಿ ಯಾವ ಗೆರೆಯ ಹತ್ತಿರ ಇತ್ತು? ಮಧ್ಯದಲ್ಲಿ ಎಲ್ಲಾದರೂ ಪಕ್ಕದ ರಸ್ತೆಗೆ ತಿರುಗಿತೇ? ತಿರುಗಿದ್ದರೆ ಅದು ಖಂಡಿತ ಕೆಳಗಿತ್ತು, ಮೇಲಿನಿಂದ ರ‍್ಯಾಂಪ್ ಇಲ್ಲದೆ ಇಳಿಯಲಾಗದು. ಸಿಗ್ನಲ್ ಇರುವ ಜಾಗದಲ್ಲೇ ನಿಂತು ನಿಂತು ಹೋಯಿತೇ? ಕಾಣುವ ಉಪಗ್ರಹಗಳ ಸಂಖ್ಯೆ ಇದ್ದಕ್ಕಿದ್ದಂತೆ ಕುಸಿಯಿತೇ? ಕಾಂಕ್ರೀಟ್ ಚಾವಣಿಯ ಕೆಳಗೆ ಆಕಾಶ ಮುಚ್ಚಿಹೋಗುತ್ತದೆ, ಮೇಲೆ ಪೂರ್ತಿ ತೆರೆದಿರುತ್ತದೆ.

ಫೋನಿನಲ್ಲಿ ಬ್ಯಾರೋಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಬೆಂಗಳೂರಿನ ಎತ್ತರದಲ್ಲಿ ಸುಮಾರು 9 ಮೀಟರ್ ಮೇಲೇರಿದರೆ ಒತ್ತಡ 1 ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ. ಒಟ್ಟು ಬೆಲೆ ನೋಡಬೇಡಿ, ಹವಾಮಾನದಿಂದ ಅದು ದಿನವಿಡೀ ಬದಲಾಗುತ್ತದೆ. ರ‍್ಯಾಂಪ್ ದಾಟುವ ಅರ್ಧ ನಿಮಿಷದಲ್ಲಿ ಆದ ಬದಲಾವಣೆ ಮಾತ್ರ ನೋಡಿ. ಕಾರಿನ ಕಿಟಕಿ ತೆರೆದು ಮುಚ್ಚಿದಾಗಲೂ ಒತ್ತಡ ಅಲುಗಾಡುತ್ತದೆ, ಒಂದೇ ಸುಳಿವಿನ ಮೇಲೆ ತೀರ್ಪು ಕೊಡಬೇಡಿ.

## ಹಂತ 8: ಕಡಿಯಬೇಕಾದ ಕಡೆ ಕಡಿಯಿರಿ

ಎಲ್ಲ ಚುಕ್ಕಿಯೂ ರಸ್ತೆಯ ಮೇಲಿರುವುದಿಲ್ಲ. ಅಪಾರ್ಟ್‌ಮೆಂಟ್ ಒಳಗೆ, ಗೋಡೌನ್ ಅಂಗಳದಲ್ಲಿ, ಪೆಟ್ರೋಲ್ ಬಂಕಿನಲ್ಲಿ ಗಾಡಿ ಇರುತ್ತದೆ. ಅದನ್ನು ಬಲವಂತವಾಗಿ ರಸ್ತೆಗೆ ತಂದರೆ ಹಿಂದಿನ ಮುಂದಿನ ಒಳ್ಳೆಯ ಚುಕ್ಕಿಗಳೂ ಕೆಡುತ್ತವೆ. ಯಾವ ಜೋಡಿಗೂ ಸರಿಯಾದ ದಾರಿ ಸಿಗದಿದ್ದರೆ ಅಥವಾ ಚುಕ್ಕಿಗಳ ನಡುವೆ ತುಂಬಾ ಹೊತ್ತು ಖಾಲಿ ಇದ್ದರೆ ಪ್ರಯಾಣವನ್ನು ಅಲ್ಲಿ ಎರಡು ಮಾಡಿ. ಇಲ್ಲಿ ರಸ್ತೆ ಗೊತ್ತಿಲ್ಲ ಎಂದು ದಾಖಲಿಸುವುದು ಸುಳ್ಳು ರಸ್ತೆ ದಾಖಲಿಸುವುದಕ್ಕಿಂತ ಎಷ್ಟೋ ಮೇಲು.

ದ್ವಿಚಕ್ರ ವಾಹನಗಳ ವಿಷಯ ಬೇರೆ. ಒನ್‌ವೇ ಉಲ್ಟಾ ಹೋಗುವುದು, ಕಾರು ಹೋಗದ ಓಣಿಯಲ್ಲಿ ನುಗ್ಗುವುದು ನಿಜವಾಗಿಯೂ ನಡೆಯುತ್ತದೆ. ಕಾರಿನ ಪ್ರೊಫೈಲ್ (ಎಂಜಿನ್‌ಗೆ ಕೊಡುವ ವಾಹನದ ನಿಯಮಗಳು) ಹಾಕಿ ಡೆಲಿವರಿ ಬೈಕ್ ಮ್ಯಾಚ್ ಮಾಡಿದರೆ, ನೂರು ಮೀಟರ್ ಉಲ್ಟಾ ಹೋದ ಹುಡುಗನಿಗೆ ಎರಡು ಕಿ.ಮೀ. ಸುತ್ತು ಬರೆಯುತ್ತದೆ. ಬೈಕಿಗೆ ಒನ್‌ವೇಯನ್ನು ಪೂರ್ತಿ ನಿಷೇಧ ಮಾಡದೆ, ದೊಡ್ಡ ದಂಡ ಮಾಡಿ ಇಡಿ. ಹಿಂದೆ ನಾನು ಕೆಲಸ ಮಾಡಿದ ಒಂದು ಕಡೆ ಇದನ್ನು ನೋಡದೆ ಪೆಟ್ರೋಲ್ ಭತ್ಯೆ ಲೆಕ್ಕ ಹಾಕಿದ್ದೆವು. ಆಮೇಲೆ ನಕ್ಷೆ ಸರಿಮಾಡಿದಾಗ ಕೆಲವರಿಗೆ ಕಡಿಮೆ ಕೊಟ್ಟಿದ್ದು ಗೊತ್ತಾಯಿತು. ಇನ್ನೊಬ್ಬರ ದುಡಿಮೆಯ ಹಣ ಈ ಅಂಕಿಗಳ ಮೇಲೆ ನಿಂತಿದ್ದರೆ ಈ ಹಂತಕ್ಕೆ ಇನ್ನೂ ಒಂದು ವಾರ ಕೊಡಿ.

## ಹಂತ 9: ಪರೀಕ್ಷೆ

ನೀವೇ ಬರೆದಿಟ್ಟ ಪ್ರಯಾಣಗಳನ್ನು ಈಗ ತೆಗೆಯಿರಿ. ಚುಕ್ಕಿ ಎಷ್ಟು ಮೀಟರ್ ಸರಿಯಿತು ಎನ್ನುವುದು ಪರೀಕ್ಷೆಯಲ್ಲ. ತಪ್ಪು ರಸ್ತೆಗೂ ಚೆನ್ನಾಗಿ ಹತ್ತಿರ ಕೂರಬಹುದು. ತಪ್ಪಾಗಿ ಸೇರಿಸಿದ ರಸ್ತೆಯ ಉದ್ದ ಮತ್ತು ಬಿಟ್ಟುಹೋದ ರಸ್ತೆಯ ಉದ್ದ, ಎರಡನ್ನೂ ಕೂಡಿಸಿ ನಿಜವಾದ ದಾರಿಯ ಉದ್ದದಿಂದ ಭಾಗಿಸಿ. ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು.

ಸಾವಿರಾರು ಪ್ರಯಾಣಗಳನ್ನು ಕಣ್ಣಿನಿಂದ ನೋಡಲಾಗದು, ಅದಕ್ಕೆ ಈ ಗುರುತುಗಳನ್ನು ಹುಡುಕಿ:

- ಯೂ ಟರ್ನ್ ಮಾಡಿ ಕೆಲವೇ ಮೀಟರ್ ಹೋಗಿ ಮತ್ತೆ ಯೂ ಟರ್ನ್. ನಿಂತ ಗಾಡಿಯ ಚುಕ್ಕಿ ತೊಳೆದಿಲ್ಲ, ಒಂದನೇ ಹಂತಕ್ಕೆ ಹೋಗಿ.
- ಒಂದೇ ಜಾಗದಲ್ಲಿ ಹಲವು ಗಾಡಿಗಳ ಜೋಡಣೆ ಕಡಿಯುವುದು. ನಕ್ಷೆಯಲ್ಲಿ ರಸ್ತೆ ಕೂಡಿಲ್ಲ ಅಥವಾ ಒನ್‌ವೇ ದಿಕ್ಕು ಉಲ್ಟಾ ಇದೆ.
- ಒಂದೇ ಗಾಡಿ ಎಲ್ಲ ಕಡೆ ಕಡಿಯುವುದು. ಟ್ರ್ಯಾಕರ್ ಕೆಟ್ಟಿದೆ ಅಥವಾ ಅದರ ಸಿಗ್ಮಾ ಬೇರೆ.
- ಮೊನ್ನೆವರೆಗೆ ಸರಿಯಿದ್ದ ರಸ್ತೆಯಲ್ಲಿ ಇವತ್ತಿಂದ ಎಲ್ಲರೂ ಪಕ್ಕದ ಓಣಿಯಲ್ಲಿ. ಅಲ್ಲಿ ವೈಟ್ ಟಾಪಿಂಗ್ (ರಸ್ತೆಗೆ ಕಾಂಕ್ರೀಟ್ ಹಾಕುವ ಕೆಲಸ) ಶುರುವಾಗಿ ರಸ್ತೆ ಮುಚ್ಚಿರಬಹುದು. ಇಲ್ಲಿ ಚುಕ್ಕಿ ಸರಿ, ಏನನ್ನೂ ತಿದ್ದಬೇಡಿ.

ನಕ್ಷೆಯ ತಪ್ಪು ಸಿಕ್ಕರೆ ನಿಮ್ಮ ಪ್ರತಿಯಲ್ಲಿ ಮಾತ್ರ ತೇಪೆ ಹಾಕಬೇಡಿ. ಮುಂದಿನ ಸಲ ಹೊಸ ಫೈಲ್ ಇಳಿಸಿದಾಗ ತೇಪೆ ಹೋಗುತ್ತದೆ, ತಪ್ಪು ವಾಪಸ್ ಬರುತ್ತದೆ. ಜಾಗಕ್ಕೆ ಹೋಗಿ ನೋಡಿ, ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲೇ ತಿದ್ದಿ. ಹೊಸ ನಕ್ಷೆ ಹಾಕಿದ ದಿನ ಆ ಹಳೆಯ ನಾಲ್ಕೈದು ಪ್ರಯಾಣಗಳನ್ನು ಮತ್ತೊಮ್ಮೆ ಓಡಿಸಿ, ಉತ್ತರ ಬದಲಾದ ಕಡೆ ಕ್ಯೂಜಿಐಎಸ್‌ನಲ್ಲಿ ತೆರೆದು ನೋಡಿದ ಮೇಲೆ ಮಾತ್ರ ಅದನ್ನು ಎಲ್ಲರಿಗೂ ಬಿಡಿ.